ರಿಮೋಟ್ ಎಡಿಟರ್‌ನ ಕೀರ್ತಿ, ಸುರಪುರದಿಂದ ನೋಡಿದಾಗ

ದೂರದ ಸರ್ವರ್‌ನಲ್ಲಿ ಕೋಡ್ ಬರೆಯಲು ವಿಎಸ್ ಕೋಡ್ ಎಡಿಟರ್‌ನ ರಿಮೋಟ್-ಎಸ್‌ಎಸ್‌ಎಚ್ ಎಕ್ಸ್‌ಟೆನ್ಷನ್ ಒಂದೇ ದಾರಿ ಎಂಬ ಮಾತು 2019ರಲ್ಲಿ ಅದು ಬಂದಾಗಿನಿಂದ ಬೆಳೆಯುತ್ತಲೇ ಇದೆ. ಶಹಾಪುರ, ಸುರಪುರದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂತವರಿಗೂ ಇದೇ ಉಪದೇಶ. ಈ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದೆ.

‘ಕನೆಕ್ಟ್’ ಒತ್ತಿದಾಗ ಏನಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಎಡಿಟರ್ ಎರಡಾಗುತ್ತದೆ. ಪರದೆ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಉಳಿಯುತ್ತದೆ. ಫೈಲು, ಟರ್ಮಿನಲ್, ಹೆಚ್ಚಿನ ಎಕ್ಸ್‌ಟೆನ್ಷನ್‌ಗಳನ್ನು ನೋಡಿಕೊಳ್ಳುವ ‘ವಿಎಸ್ ಕೋಡ್ ಸರ್ವರ್’ ಆಚೆಯ ಯಂತ್ರದಲ್ಲಿ ಹೋಗಿ ಕೂರುತ್ತದೆ. ಅಕ್ಷರ ನಮ್ಮಲ್ಲೇ ಮೂಡುವುದರಿಂದ ಟೈಪಿಂಗ್ ತಡವರಿಸದು. ಇದು ನಿಜವಾದ ಗುಣ. ಆದರೆ ಎರಡೂ ಕಡೆಯ ಆವೃತ್ತಿ ಹೊಂದಲೇಬೇಕು. ಇಲ್ಲಿ ಅಪ್‌ಡೇಟ್ ಆದರೆ ಅಲ್ಲಿ ಹೊಸ ಸರ್ವರ್ ಇಳಿಯಬೇಕು. ಆಚೆಯ ಯಂತ್ರಕ್ಕೆ ಇಂಟರ್‌ನೆಟ್ ಇಲ್ಲದಿದ್ದರೆ ಆ ಹೊರೆಯೂ ನಮ್ಮ ಹಾಟ್‌ಸ್ಪಾಟ್ ಮೇಲೆಯೇ. ಆಚೆಯ ಯಂತ್ರಕ್ಕೆ ಕನಿಷ್ಠ 1 ಜಿಬಿ ರ‍್ಯಾಮ್ ಬೇಕೆಂದು ವಿಎಸ್ ಕೋಡ್‌ನ ಕೈಪಿಡಿಯೇ ಹೇಳುತ್ತದೆ. ಕಲಿಯುವವರು ಬಾಡಿಗೆಗೆ ಹಿಡಿಯುವ ಅಗ್ಗದ ಸರ್ವರ್‌ನಲ್ಲಿ ಇರುವುದೇ ಅಷ್ಟು. 2024ರ ಆರಂಭದಲ್ಲಿ ಅದರ 1.86ನೇ ಆವೃತ್ತಿ ಆಚೆಯ ಯಂತ್ರದಲ್ಲಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಗ್ಲಿಬ್‌ಸಿ 2.28 ಬೇಕೆಂದು ಪಟ್ಟು ಹಿಡಿದು ಸೆಂಟ್‌ಒಎಸ್ 7, ಉಬುಂಟು 18.04 ಯಂತ್ರಗಳನ್ನು ಹೊರಗಿಟ್ಟಿತು. ಕೂಗೆದ್ದ ಮೇಲೆ ಸ್ವಲ್ಪ ಕಾಲಾವಕಾಶ ಕೊಟ್ಟರು, ಅಷ್ಟೇ.

ಬೇರೆ ದಾರಿಯೂ ಇದೆ. ದೂರದ ಫೈಲು ತೆರೆಯುವ ಎಮ್ಯಾಕ್ಸ್ ಎಡಿಟರ್‌ನ ಟ್ರ್ಯಾಂಪ್ 1998ರಿಂದಲೂ ಇದೆ. ಅದರಲ್ಲೂ ಅಕ್ಷರ ನಮ್ಮಲ್ಲೇ ಮೂಡುತ್ತದೆ. ಆಚೆ ಒಂದು ಶೆಲ್ ಇದ್ದರೆ ಸಾಕು, ಏನನ್ನೂ ಹೇರುವುದಿಲ್ಲ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಅದು ನಿಧಾನ, ಒಪ್ಪುತ್ತೇನೆ.

ನನ್ನ ತಕರಾರು ಉಪಕರಣಕ್ಕಿಂತ ಅದನ್ನು ಹೊಗಳುವ ವಿಮರ್ಶಕರ ಮೇಲೆ. ಬೆಂಗಳೂರಿನ ಫೈಬರ್ ಲೈನಿನಲ್ಲಿ ಕೂತು ತೂಗಿ, ವಿಮ್, ಎಮ್ಯಾಕ್ಸ್ ಬಳಸುವವರನ್ನು ಹಟಮಾರಿಗಳೆಂದು ಕರೆಯುತ್ತಾರೆ. ಕರೆಂಟ್ ಹೋದಾಗ, ಸಿಗ್ನಲ್ ಬಿದ್ದಾಗ ಏನು ಉಳಿಯುತ್ತದೆ ಎಂದು ಅವರು ಪರೀಕ್ಷಿಸುವುದೇ ಇಲ್ಲ. ವಿಎಸ್ ಕೋಡ್ ತಾನಾಗಿ ಮರುಜೋಡಣೆಗೆ ಯತ್ನಿಸುತ್ತದೆ, ನಿಜ. ಲ್ಯಾಪ್‌ಟಾಪೇ ಆರಿಹೋದರೆ ವಿಎಸ್ ಕೋಡ್‌ನ ಟರ್ಮಿನಲ್‌ನಲ್ಲಿ ಹಚ್ಚಿಟ್ಟ ಕೆಲಸಕ್ಕೆ ಖಾತರಿಯಿಲ್ಲ. ಟರ್ಮಿನಲ್ಲನ್ನು ಸರ್ವರ್‌ನಲ್ಲೇ ಹಿಡಿದಿಡುವ ಟಿಮಕ್ಸ್‌ನಲ್ಲಿ ಹಚ್ಚಿದ್ದು ಸರ್ವರ್ ನಡೆಯುವವರೆಗೂ ನಡೆಯುತ್ತದೆ. ಎಸ್‌ಎಸ್‌ಎಚ್ ಬದಲಿಗೆ ಬಳಸುವ 2012ರ ಮೋಶ್ ಐಪಿ ವಿಳಾಸ ಬದಲಾದರೂ ಕೊಂಡಿ ಬಿಡುವುದಿಲ್ಲ. ಯಾದಗಿರಿಯಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಬೇಕಾದದ್ದು ಇದು. ಆ ಹೊಗಳಿಕೆಗಳಲ್ಲಿ ಇವೆರಡರ ಹೆಸರೂ ಬರುವುದಿಲ್ಲ. ರಿಮೋಟ್-ಎಸ್‌ಎಸ್‌ಎಚ್‌ನ ಲೈಸೆನ್ಸ್ ಮುಕ್ತವಲ್ಲ, ವಿಎಸ್ ಕೋಡ್‌ನ ಮುಕ್ತ ರೂಪವಾದ ವಿಎಸ್‌ಕೋಡಿಯಂನಲ್ಲಿ ಅದನ್ನು ಬಳಸುವಂತಿಲ್ಲ ಎಂಬುದನ್ನೂ ಹೇಳುವುದಿಲ್ಲ.

ಕಲಿಯುವವರು ಮೊದಲು ಎಸ್‌ಎಸ್‌ಎಚ್ ಕಾನ್ಫಿಗ್ ಬರೆಯುವುದನ್ನು ಕಲಿಯಲಿ, ಆಮೇಲೆ ಟಿಮಕ್ಸ್, ವಿಮ್. ಸರ್ವರ್ ದೊಡ್ಡದಿದ್ದು ನೆಟ್‌ವರ್ಕ್ ಗಟ್ಟಿಯಿದ್ದರೆ ವಿಎಸ್ ಕೋಡನ್ನು ಆಮೇಲೂ ಹಾಕಿಕೊಳ್ಳಬಹುದು.