ಇಮ್ಮಡಿ ಪುಲಕೇಶಿ ಯಾವ ಅಕ್ಷರದ ಕೆಳಗೆ?

ಬಾದಾಮಿ ಚಾಲುಕ್ಯರ ಬಗೆಗಿನ ಪುಸ್ತಕವೊಂದರ ಪದಸೂಚಿಯಲ್ಲಿ ಇಮ್ಮಡಿ ಪುಲಕೇಶಿ ‘ಇ’ ಅಕ್ಷರದ ಕೆಳಗೂ ಒಂದನೆಯ ಪುಲಕೇಶಿ ‘ಒ’ ಅಕ್ಷರದ ಕೆಳಗೂ ಕೂತಿದ್ದರೆ, ಆ ಸೂಚಿಯನ್ನು ಪುಸ್ತಕ ಬರೆದವರು ನೋಡಿಯೇ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ತಾತ ಮೊಮ್ಮಗ ಇಬ್ಬರೂ ‘ಪ’ಕಾರದಲ್ಲಿ, ಒಬ್ಬರ ಹಿಂದೆ ಒಬ್ಬರು ಬರಬೇಕು. ಯಾರ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳೋ ಆ ಇಮ್ಮಡಿ ವಿಕ್ರಮಾದಿತ್ಯನೂ, 1076ರಲ್ಲಿ ಪಟ್ಟಕ್ಕೆ ಬಂದ ಕಲ್ಯಾಣದ ಆರನೆಯ ವಿಕ್ರಮಾದಿತ್ಯನೂ ‘ವ’ಕಾರದಲ್ಲಿ ನೆರೆಹೊರೆಯಾಗಿರಬೇಕು, ಆದರೆ ಒಬ್ಬರ ಪುಟಗಳು ಇನ್ನೊಬ್ಬರಿಗೆ ಸೇರಬಾರದು. ಇದು ಯಾರನ್ನು ಎಲ್ಲಿ ಹುಡುಕುತ್ತಾರೆ ಎಂಬ ತಿಳಿವಳಿಕೆಯ ಪ್ರಶ್ನೆ. ಹಾಗಾಗಿ ಪದಸೂಚಿ ಪುಸ್ತಕ ಬರೆದವರದೇ ಕೆಲಸ. ಪುಟಗಳು ಜೋಡಣೆಯಾದ ಮೇಲೆ ಯಾರೋ ಅವಸರದಲ್ಲಿ ಆಯುವ ಪಟ್ಟಿಯಾಗಬಾರದು, ಬರೆಯುವಾಗಲೇ ವಾಕ್ಯದ ಪಕ್ಕದಲ್ಲಿ ಹುಟ್ಟಬೇಕು. ಅಕ್ಷರಜೋಡಣೆಯ ತಂತ್ರಾಂಶಕ್ಕೆ ಕೊಡುವ ಆದೇಶಗಳ ನಿಜವಾದ ಬೆಲೆ ಇರುವುದು ಇಲ್ಲಿ.

ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಗೆ ರೂಪಿಸಿದ ಅಕ್ಷರಜೋಡಣೆಯ ತಂತ್ರಾಂಶ ಟೆಕ್, ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್, ಸೂಚಿಯನ್ನು ವಿಂಗಡಿಸಲು ಪೆಹಾಂಗ್ ಚೆನ್ 1980ರ ದಶಕದಲ್ಲಿ ಬರೆದ ಮೇಕ್‌ಇಂಡೆಕ್ಸ್: ಈ ಮೂರೂ ಸೇರಿ ನಡೆಸುವ ಏರ್ಪಾಡು ಸರಳ. ಐಹೊಳೆಯ ಮೇಗುತಿ ಶಾಸನದ ಮಾತು ಬಂದ ವಾಕ್ಯದ ಕೊನೆಗೆ ಇಂಡೆಕ್ಸ್ ಎಂಬ ಆದೇಶ ಕೊಟ್ಟು, ಆವರಣದೊಳಗೆ ‘ಐಹೊಳೆ!ಮೇಗುತಿ ಶಾಸನ’ ಎಂದು ಬರೆದರೆ ಸಾಕು. ಈ ಬರಹ ಪುಟದಲ್ಲಿ ಅಚ್ಚಾಗುವುದಿಲ್ಲ. ಆ ವಾಕ್ಯ ಬಿದ್ದ ಪುಟದ ಸಂಖ್ಯೆಯೊಂದಿಗೆ ಬೇರೊಂದು ಕಡತಕ್ಕೆ ಹೋಗುತ್ತದೆ. ಉದ್ಗಾರ ಚಿಹ್ನೆ ಐಹೊಳೆಯ ಕೆಳಗೆ ಉಪನಮೂದನ್ನು ಮಾಡುತ್ತದೆ. ‘ಪುಲಕೇಶಿ 2@ಇಮ್ಮಡಿ ಪುಲಕೇಶಿ’ ಎಂದರೆ ಚಿಹ್ನೆಯ ಎಡಕ್ಕಿರುವುದು ವಿಂಗಡಣೆಗೆ, ಬಲಕ್ಕಿರುವುದು ಕಣ್ಣಿಗೆ. ನಿಂತ ಗೆರೆಯ (|) ಮುಂದೆ ಬರುವುದು ಪುಟಸಂಖ್ಯೆ ದಪ್ಪಕ್ಷರದಲ್ಲಿರಬೇಕೋ, ‘ನೋಡಿ’ ಎಂದು ಬೇರೆ ನಮೂದಿಗೆ ಕಳಿಸಬೇಕೋ ಎಂಬ ಸೂಚನೆ. ಎರಡು ಪ್ಯಾರಾ ಕಿತ್ತುಹಾಕಿದರೂ, ಹೊಸ ಅಧ್ಯಾಯ ಸೇರಿಸಿದರೂ, ಕಡತವನ್ನು ಮತ್ತೆ ಓಡಿಸಿದರೆ ಪುಟಸಂಖ್ಯೆಗಳು ತಾವೇ ಸರಿಹೋಗುತ್ತವೆ. ಕರಡು ಅಚ್ಚಿನ ಮೇಲೆ ಕೈಯಿಂದ ಪಟ್ಟಿ ಮಾಡಿದವರಿಗೆ ಗೊತ್ತು, ಒಂದು ಚಿತ್ರ ಮುಂದಿನ ಪುಟಕ್ಕೆ ಸರಿದರೆ ಏನೇನು ಕೆಡುತ್ತದೆ ಎಂದು.

ಬಾಗಲಕೋಟೆ ಸೀಮೆಯ ಚರಿತ್ರೆ ಬರೆಯುವವರಿಗೆ ‘ನೋಡಿ’ ಎಂಬ ಆದೇಶ ಅಲಂಕಾರವೇನಲ್ಲ. ಶಾಸನಗಳಲ್ಲಿ ಬಾದಾಮಿಯ ಹೆಸರು ವಾತಾಪಿ, ಬಾದಾವಿ. ಐಹೊಳೆ ಅಯ್ಯಾವೊಳೆಯೂ ಹೌದು, ಆರ್ಯಪುರವೂ ಹೌದು. ಪಟ್ಟದಕಲ್ಲು ಕಿಸುವೊಳಲ್. ಬಾಗಲಕೋಟೆಯ ಹಳೆಯ ಹೆಸರು ಬಾಗಡಗೆ. ಇಳಕಲ್ಲನ್ನು ಇಲಕಲ್ಲ ಎಂದೂ ಇಲ್ಕಲ್ ಎಂದೂ ಬರೆಯುತ್ತಾರೆ. ಅಲ್ಲಿನ ಸೀರೆಯ ಮೇಲಿನ ಪುಸ್ತಕವಾದರೆ ಈ ಮೂರರಲ್ಲಿ ಒಂದನ್ನು ಮುಖ್ಯ ನಮೂದಾಗಿ ಹಿಡಿದು, ಅದರ ಕೆಳಗೆ ಟೋಪ್‌ತೆನಿ ಸೆರಗು, ಕೊಂಡಿ, ಗೋಮಿ ದಡಿ, ಚಿಕ್ಕಿ ಪರಾಸ ಇವನ್ನೆಲ್ಲ ಇಳಿಸಿ, ಉಳಿದ ಎರಡು ರೂಪಗಳಿಂದ ಅಲ್ಲಿಗೆ ದಾರಿ ತೋರಿಸಬೇಕು. ಆಡಳಿತದ ಗಡಿಗಳೂ ಬದಲಾಗಿವೆ. 1940ರಲ್ಲಿ ಹೊರಬಂದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11ನೆಯ ಸಂಪುಟದ ಕಾಲಕ್ಕೆ ಹುನಗುಂದ ತಾಲೂಕು ಇದ್ದದ್ದು ವಿಜಾಪುರ ಜಿಲ್ಲೆಯಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಹುನಗುಂದದಲ್ಲಿದ್ದ ಇಳಕಲ್ಲು ಈಗ ತಾನೇ ಒಂದು ತಾಲೂಕು. ಹಳೆಯ ಸಂಪುಟವನ್ನೂ ಹೊಸ ನಕಾಶೆಯನ್ನೂ ಒಟ್ಟಿಗೆ ಹಿಡಿದ ಓದುಗರಿಗೆ ಈ ಹೆಸರುಗಳ ಲೆಕ್ಕ ಒಪ್ಪಿಸುವ ಜಾಗ ಪದಸೂಚಿ. ಬಾದಾಮಿಯ ಬಂಡೆಯ ಮೇಲಿನ ಕ್ರಿ.ಶ. 543ರ ಬರಹದಲ್ಲಿ ‘ಚಲಿಕ್ಯ’ ಎಂಬ ರೂಪವಿದೆ. ಅದು, ಚಲುಕ್ಯ, ಚಾಲುಕ್ಯ, ಚಾಳುಕ್ಯ ಇವೆಲ್ಲ ಬೇರೆ ಬೇರೆ ನಮೂದಾದರೆ ಒಂದು ರಾಜವಂಶ ನಾಲ್ಕಾಗಿ ಒಡೆಯುತ್ತದೆ.

ಆದರೆ ಕನ್ನಡಕ್ಕೆ ಬಂದೊಡನೆ ಈ ಯಂತ್ರ ತಡವರಿಸುತ್ತದೆ. ಮೇಕ್‌ಇಂಡೆಕ್ಸ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಯೂನಿಕೋಡ್ ಕನ್ನಡವನ್ನು ಅದಕ್ಕೆ ಉಣಿಸಿದರೆ ಸಂಕೇತಸಂಖ್ಯೆಯ ಪ್ರಕಾರ ಜೋಡಿಸುತ್ತದೆ. ‘ಅ’ದಿಂದ ‘ಹ’ದವರೆಗಿನ ಎಲ್ಲವನ್ನೂ ಅಕ್ಷರವೆಂದು ಗುರುತಿಸದೆ ಒಂದೇ ಗುಂಪಿಗೆ ತಳ್ಳುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಬೆನ್ನಿಗೆ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ಆಚೆ. ಹೀಗಾಗಿ ಯಂತ್ರದ ಸೂಚಿಯಲ್ಲಿ ಚಾಳುಕ್ಯ ಮೊದಲು, ಚಾವುಂಡರಾಯ ಆಮೇಲೆ. ನಿಘಂಟು ನೋಡಿ ರೂಢಿಯಾದವರಿಗೆ ಚಾವುಂಡರಾಯನೇ ಮೊದಲು ಸಿಗಬೇಕು. ಹಳಗನ್ನಡದ ‘ೞ’ವಂತೂ ಪಟ್ಟಿಯ ಇನ್ನೊಂದು ಮೂಲೆಯಲ್ಲಿದೆ. ಇದು ಯೂನಿಕೋಡಿನ ತಪ್ಪಲ್ಲ, ಸಂಕೇತಸಂಖ್ಯೆಯೇ ನಿಘಂಟಿನ ಕ್ರಮ ಎಂದು ಅದು ಎಲ್ಲೂ ಹೇಳಿಲ್ಲ. ವಿಂಗಡಣೆಗೆ ಬೇರೆಯದೇ ನಿಯಮಗಳನ್ನು ಇಟ್ಟಿದೆ. ಅಕ್ಷರಕ್ರಮವನ್ನು ನಾವೇ ಬರೆದುಕೊಡಬಹುದಾದ ಕ್ಸಿಂಡಿಯಂಥ ತಂತ್ರಾಂಶಗಳಿವೆ. ಅಷ್ಟು ದೂರ ಹೋಗದವರಿಗೆ @ ಚಿಹ್ನೆಯ ಎಡಭಾಗ ಇದೆಯಲ್ಲ, ಬೇಕಾದ ಕ್ರಮಕ್ಕೆ ತಕ್ಕ ಕೀಲಿಯನ್ನು ಅಲ್ಲಿ ಬರೆದರಾಯಿತು. ಇನ್ನೊಂದು ತೊಡಕು: ಪುಟಸಂಖ್ಯೆ ಕನ್ನಡ ಅಂಕಿಯಲ್ಲಿ ಹೋದರೆ ಮೇಕ್‌ಇಂಡೆಕ್ಸ್ ಅದನ್ನು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಒಳಗೆ 1, 2, 3 ಎಂದೇ ಇಟ್ಟು, ಅಚ್ಚಿನಲ್ಲಿ ಕಾಣುವಾಗ ಕನ್ನಡಕ್ಕೆ ಬದಲಿಸುವ ಆದೇಶ ಕೊಡಬೇಕು.

ರೂಪದ ವಿಷಯಕ್ಕೆ ಬಂದರೆ, ಸೂಚಿಯನ್ನು ಎರಡು ಕಂಬಗಳಲ್ಲಿ, ಮೂಲಪಠ್ಯಕ್ಕಿಂತ ಸಣ್ಣ ಅಕ್ಷರದಲ್ಲಿ ಕೂರಿಸುವುದು ವಾಡಿಕೆ. ಅಕ್ಷರ ಕುಗ್ಗಿಸಿದಷ್ಟೇ ಸಾಲುಗಳ ನಡುವಿನ ಜಾಗವನ್ನೂ ಕುಗ್ಗಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಿರಿದಾದ ಕಂಬದಲ್ಲಿ ಉದ್ದದ ಕನ್ನಡ ಸಮಾಸಗಳನ್ನು ಎರಡೂ ಅಂಚಿಗೆ ಎಳೆದು ಕಟ್ಟಿದರೆ ಪದಗಳ ನಡುವೆ ಹಳ್ಳ ಬೀಳುತ್ತದೆ, ಬಲ ಅಂಚನ್ನು ಬಿಟ್ಟುಬಿಡುವುದೇ ಮೇಲು.

ಈಗ ಆಕ್ಷೇಪಗಳು. ಪಿಡಿಎಫ್‌ನಲ್ಲಿ ಹುಡುಕಿದರೆ ಸಿಗುವಾಗ ಇಷ್ಟೆಲ್ಲ ಏಕೆ ಎನ್ನುತ್ತಾರೆ. ಹುಡುಕಿ ನೋಡಲಿ. ‘ಪಟ್ಟದಕಲ್ಲು’ ಎಂದು ಕೇಳಿದರೆ ‘ಪಟ್ಟದಕಲ್ಲಿನ’ ಎಂದಿರುವ ಪುಟ ಬರುವುದಿಲ್ಲ. ವಿಭಕ್ತಿ ಹತ್ತಿದೊಡನೆ ಕನ್ನಡದ ಹೆಸರು ರೂಪ ಬದಲಿಸುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪುಸ್ತಕವಾದರೆ ಹುಡುಕಾಟವೇ ಕುರುಡು. ಇವೆರಡನ್ನೂ ಯಂತ್ರ ನಾಳೆ ದಾಟಬಹುದು, ದಾಟಿದರೂ ಮುಖ್ಯ ಕೊರತೆ ಉಳಿಯುತ್ತದೆ. ಕವಿ ರವಿಕೀರ್ತಿ ಕ್ರಿ.ಶ. 634ರ ಮೇಗುತಿ ಶಾಸನದಲ್ಲಿ ಕಾಳಿದಾಸ, ಭಾರವಿಯರನ್ನು ಹೆಸರಿಸಿದ್ದಾನೆ. ಅವರು ಅದಕ್ಕಿಂತ ಈಚಿನವರಲ್ಲ ಎನ್ನಲು ಅದೊಂದು ಗಟ್ಟಿ ಆಧಾರ. ಆ ಚರ್ಚೆಯ ಪುಟದಲ್ಲಿ ‘ಕಾಲನಿರ್ಣಯ’ ಎಂಬ ಪದವೇ ಇಲ್ಲದಿರಬಹುದು, ಆದರೂ ‘ಕಾಳಿದಾಸ’ದ ಕೆಳಗೆ ‘ಕಾಲನಿರ್ಣಯ’ ಎಂಬ ಉಪನಮೂದು ಬೇಕೇ ಬೇಕು. ತಿರುಗುಮುರುಗಾದ ತೊಂದರೆ ಹುನಗುಂದದ ನೆಲದ್ದೇ: ಬಸವಣ್ಣನವರ ವಚನಸಂಪುಟದಲ್ಲಿ ‘ಕೂಡಲಸಂಗಮ’ ಎಂದು ಹುಡುಕಿದರೆ ಸಂಪುಟಕ್ಕೆ ಸಂಪುಟವೇ ಉತ್ತರವಾಗಿ ಬರುತ್ತದೆ, ಅವರ ಅಂಕಿತವೇ ‘ಕೂಡಲಸಂಗಮದೇವ’ ಆದ್ದರಿಂದ. ಕೂಡಲಸಂಗಮ ಎಂಬ ಊರಿನ ಬಗ್ಗೆ ಸಂಪಾದಕರು ಪೀಠಿಕೆಯಲ್ಲಿ ಬರೆದ ಪುಟವನ್ನು ಅಂಕಿತದಿಂದ ಬಿಡಿಸಿ ತೋರಿಸುವುದು ಮನುಷ್ಯರು ಹಾಕಿದ ಗುರುತು ಮಾತ್ರ. ಶೀರ್ಷಿಕೆಯಿಲ್ಲದ ವಚನಗಳಿಗೆ ಮೊದಲ ಸಾಲಿನ ಅಕಾರಾದಿ ಕೊಡುವ ಪದ್ಧತಿಯನ್ನು ನಮ್ಮ ಸಂಪಾದಕರು ಬೆಳೆಸಿದ್ದೂ ಇಂಥ ತಿಳಿವಳಿಕೆಯಿಂದಲೇ.

ಬರೆಯುವ ಓಟದಲ್ಲಿ ಆದೇಶಗಳು ಅಡ್ಡ ಬರುತ್ತವೆ ಎಂಬುದು ಇನ್ನೊಂದು ದೂರು, ಇದರಲ್ಲಿ ಹುರುಳಿದೆ. ಮೊದಲ ಕರಡಿನಲ್ಲಿ ಹಾಕಬೇಕಿಲ್ಲ, ಎರಡನೆಯ ಓದಿನಲ್ಲಿ ಹಾಕಿದರೆ ಸಾಕು. ಎಷ್ಟೋ ಸಲ ಆ ಓದಿನಲ್ಲೇ ಒಂದು ಊರಿಗೆ ಎರಡು ಕಾಗುಣಿತ ಬಿದ್ದಿರುವುದು ಕಣ್ಣಿಗೆ ಹೊಡೆಯುತ್ತದೆ. ಜಿಲ್ಲಾಕೇಂದ್ರದ ಡಿಟಿಪಿ ಅಂಗಡಿಯವರಿಗೆ ಟೆಕ್ ಗೊತ್ತಿಲ್ಲ ಎಂಬುದು ಮತ್ತೊಂದು ಮಾತು. ಟೆಕ್‌ನಲ್ಲೇ ಆಗಬೇಕೆಂಬ ಹಟ ನನಗಿಲ್ಲ. ಶ್ರೀರಂಗಪಟ್ಟಣದ ಶ್ರೀರಂಗ ಡಿಜಿಟಲ್ ಸಂಸ್ಥೆ ಕನ್ನಡ ಪುಸ್ತಕಗಳನ್ನು ಟೆಕ್‌ನಲ್ಲಿ ಜೋಡಿಸಿ ದಾರಿ ತೋರಿಸಿದೆ, ಸರಿ; ಆದರೆ ವರ್ಡ್‌ನಲ್ಲೂ ಇನ್‌ಡಿಸೈನ್‌ನಲ್ಲೂ ಸೂಚಿಯ ಗುರುತುಗಳಿಗೆ ಏರ್ಪಾಡಿದೆ, ಬಳಸುವವರು ಕಡಿಮೆ ಅಷ್ಟೇ. ಕಾಗದದ ಖರ್ಚಿನ ನೆಪವೂ ಅಷ್ಟೇನೂ ನಿಲ್ಲುವುದಿಲ್ಲ: ಹದಿನಾರು ಪುಟದ ಫಾರಂ ತುಂಬದೆ ಉಳಿದ ಕೊನೆಯ ಪುಟಗಳಲ್ಲಿ ಪ್ರಕಾಶಕರು ತಮ್ಮ ಪುಸ್ತಕಗಳ ಪಟ್ಟಿಯನ್ನು ಧಾರಾಳವಾಗಿ ಅಚ್ಚು ಹಾಕುತ್ತಾರೆ. ಬಾದಾಮಿ, ಹುನಗುಂದ, ಇಳಕಲ್ಲಿನ ಬಗ್ಗೆ ಬರೆಯುತ್ತಿರುವವರು ಹಸ್ತಪ್ರತಿಯನ್ನು ಅಚ್ಚಿಗೆ ಕೊಡುವ ಮೊದಲು ಊರು ಮತ್ತು ಅರಸರ ಹೆಸರುಗಳಿಗಾದರೂ ಗುರುತು ಹಾಕಿ ಕೊಡಲಿ. ಪ್ರಕಾಶಕರು ಆ ಕೊನೆಯ ಪುಟಗಳನ್ನು ಅದಕ್ಕೆ ಬಿಟ್ಟುಕೊಡಲಿ.