ಇಬ್ಬರು ಮಾತಾಡುತ್ತಾರೆ, ನಾವು ನೋಡುತ್ತೇವೆ

ಯಾನ್ ವಾನ್ ಐಕ್ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರ 82 ಸೆಂಟಿಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ. ಅಷ್ಟರಲ್ಲೇ ಒಂದು ಕೋಣೆ, ಗಂಡ, ಹೆಂಡತಿ, ನಾಯಿಮರಿ, ಕಿಟಕಿಯ ಬಳಿ ಕಿತ್ತಳೆಹಣ್ಣು, ಹಾಡುಹಗಲೇ ಉರಿಯುತ್ತಿರುವ ಒಂಟಿ ಮೇಣದಬತ್ತಿ. ಹಿಂದಿನ ಗೋಡೆಯಲ್ಲಿ ಉಬ್ಬುಗನ್ನಡಿ. ಅದರ ಚೌಕಟ್ಟಿನ ಸುತ್ತ ಕ್ರಿಸ್ತನ ಕೊನೆಯ ದಿನಗಳ ಹತ್ತು ದೃಶ್ಯಗಳಿವೆ, ಒಂದೊಂದೂ ಉಗುರಿನಷ್ಟೇ. ಕನ್ನಡಿಯೊಳಗೆ ದಂಪತಿಯ ಬೆನ್ನು ಕಾಣುತ್ತದೆ, ಅದರಾಚೆ ಬಾಗಿಲಲ್ಲಿ ನಿಂತ ಇನ್ನಿಬ್ಬರೂ ಕಾಣುತ್ತಾರೆ. ಕನ್ನಡಿಯ ಮೇಲ್ಗಡೆ ಲ್ಯಾಟಿನ್ನಿನಲ್ಲಿ ತಾನು ಇಲ್ಲಿದ್ದೆನೆಂದು ಚಿತ್ರಕಾರನೇ ಸಹಿ ಹಾಕಿ 1434 ಎಂದು ಇಸವಿಯನ್ನೂ ಬರೆದಿದ್ದಾನೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋಗಿ ಇದರೆದುರು ನಿಂತವರಿಗೂ ಇದೆಲ್ಲ ಕಾಣುತ್ತದೆಂಬ ಭರವಸೆಯಿಲ್ಲ. ಮುಂದಿನವರ ತಲೆ ಅಡ್ಡ ಬರುತ್ತದೆ. ಆದರೆ ಸ್ಮಾರ್ಟ್‌ಹಿಸ್ಟರಿ ಎಂಬ ಜಾಲತಾಣದ ವಿಡಿಯೊದಲ್ಲಿ ಕಂಡೇ ಕಾಣುತ್ತದೆ, ಏಕೆಂದರೆ ಅಲ್ಲಿ ನೋಡುವುದನ್ನು ಕಲಿಸುವವರಿದ್ದಾರೆ. ಚಿತ್ರ ನೋಡುವ ಗೀಳಿನವರಿಗೆ ಇಂದು ಅಂತರ್ಜಾಲದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಬೆತ್ ಹ್ಯಾರಿಸ್ ಮತ್ತು ಸ್ಟೀವನ್ ಝಕರ್ ಎಂಬ ಇಬ್ಬರು ಅಮೆರಿಕನ್ ಕಲಾ ಇತಿಹಾಸಕಾರರು 2005ರಲ್ಲಿ ಇದನ್ನು ಶುರುಮಾಡಿದರು. ನ್ಯೂಯಾರ್ಕಿನ ಮ್ಯೂಸಿಯಂಗಳಲ್ಲಿ ಕೇಳಿಸಿಕೊಳ್ಳುತ್ತ ನಡೆಯಲೆಂದು ಪುಕ್ಕಟೆ ಧ್ವನಿಮುದ್ರಿಕೆಗಳನ್ನು ಮಾಡಿದ್ದೇ ಮೊದಲು. ಕೆಲವು ವರ್ಷ ಖಾನ್ ಅಕಾಡೆಮಿಯ ಜೊತೆಗಿದ್ದು, ಆಮೇಲೆ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಯಿತು. ವಿದ್ವಾಂಸರಿಂದ ಬರೆಸಿದ ಲೇಖನಗಳು ಅಲ್ಲಿ ರಾಶಿ ಇವೆ. ಆದರೆ ಅದರ ಜೀವ ಇರುವುದು ಮಾತುಕತೆಯಲ್ಲಿ. ಕೃತಿಯೆದುರು ನಿಂತು ಇಬ್ಬರು ಮಾತಾಡುತ್ತಾರೆ. ಮೊದಲೇ ಬರೆದಿಟ್ಟುಕೊಂಡ ಸಾಲುಗಳಿಲ್ಲ, ಮುಖ ತೋರಿಸುವ ಚಪಲವೂ ಇಲ್ಲ. ಧ್ವನಿ ಅವರದು, ತೆರೆ ಪೂರ್ತಿ ಚಿತ್ರದ್ದು. ಒಬ್ಬರು ಕಂಡದ್ದನ್ನು ಹೇಳಿದರೆ ಇನ್ನೊಬ್ಬರು "ಹಾಗೇಕೆ?" ಅನ್ನುತ್ತಾರೆ. ನಮ್ಮ ಕಣ್ಣೂ ಆ ಕಡೆ ಹೊರಳುತ್ತದೆ. ಮೇಷ್ಟ್ರು ಒಬ್ಬರೇ ಪಾಠ ಹೇಳಿದ್ದರೆ ಬರೆದುಕೊಂಡು ಸುಮ್ಮನಾಗುತ್ತಿದ್ದೆವು. ಇಬ್ಬರಿದ್ದಾಗ ಮೂರನೆಯವರಿಗೂ ಬಾಯಿ ಬರುತ್ತದೆ. ಆರ್ನೊಲ್ಫಿನಿ ಚಿತ್ರಕ್ಕಂತೂ ಇದು ಹೇಳಿಮಾಡಿಸಿದ ರೀತಿ. ಅದು ಮದುವೆಗೆ ಸಾಕ್ಷಿಪತ್ರ ಎಂದು ಕಲಾ ಇತಿಹಾಸಕಾರ ಪನೋಫ್‌ಸ್ಕಿ 1934ರಲ್ಲಿ ಮಂಡಿಸಿದ ವಾದವನ್ನು ವಿದ್ವಾಂಸರು ಇವತ್ತಿಗೂ ಎಳೆದಾಡುತ್ತಿದ್ದಾರೆ.

ಚಿತ್ರವನ್ನಷ್ಟೇ ಬಿಟ್ಟುಕೊಟ್ಟ ಮ್ಯೂಸಿಯಂಗಳೂ ಇವೆ, ಅವುಗಳ ಉಪಕಾರ ದೊಡ್ಡದು. ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನವರಿಗೆ ಒಂದು ತಲೆನೋವಿತ್ತು. ಫರ್ಮೀರ್‌ನ ಹಾಲು ಸುರಿಯುವ ಹೆಂಗಸಿನ ಚಿತ್ರದ ಹಳದಿಗಟ್ಟಿದ ಕಳಪೆ ಪ್ರತಿಗಳು ಅಂತರ್ಜಾಲದಲ್ಲಿ ಸಾವಿರಗಟ್ಟಲೆ ಓಡಾಡುತ್ತಿದ್ದವು. ಅವನ್ನೇ ನೋಡಿ ಬಂದವರು, ಮ್ಯೂಸಿಯಂ ಅಂಗಡಿಯಲ್ಲಿ ಸರಿಯಾದ ಬಣ್ಣದ ಕಾರ್ಡು ಕಂಡರೆ ಅದನ್ನೇ ನಂಬುತ್ತಿರಲಿಲ್ಲ. ಕೊನೆಗೆ ಮ್ಯೂಸಿಯಂ ಒಳ್ಳೆಯ ಪ್ರತಿಗಳನ್ನೇ ಜನರ ಕೈಗೆ ಕೊಟ್ಟಿತು. 2017ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸುಮಾರು 3,75,000 ಚಿತ್ರಗಳನ್ನು ಷರತ್ತಿಲ್ಲದೆ ಬಿಟ್ಟಿತು. ಸತ್ತು ಮುನ್ನೂರು ವರ್ಷವಾದ ಕಲಾವಿದನ ಚಿತ್ರಕ್ಕೆ ಹಕ್ಕುಸ್ವಾಮ್ಯ ಮುಗಿದಿದೆ, ಆದರೆ ನಾವು ತೆಗೆದ ಫೋಟೊಕ್ಕೆ ಇದೆ ಎಂದು ವಾದಿಸಿ ಪುಸ್ತಕ ಬರೆಯುವ ಬಡಪಾಯಿಗಳಿಂದ ಶುಲ್ಕ ವಸೂಲು ಮಾಡುವ ಸಂಸ್ಥೆಗಳು ಈಗಲೂ ಇವೆ. ಹಳೆಯ ಚಿತ್ರದ ಯಥಾಪ್ರತಿ ಫೋಟೊ ಹೊಸ ಕೃತಿಯಲ್ಲವೆಂದು ಅಮೆರಿಕದ ನ್ಯಾಯಾಲಯವೊಂದು 1999ರಲ್ಲೇ ಹೇಳಿದೆ.

ಸ್ಮಾರ್ಟ್‌ಹಿಸ್ಟರಿಯ ಬಗ್ಗೆ ನನ್ನ ತಕರಾರೂ ಒಂದಿದೆ. ಈಚೆಗೆ ಏಷ್ಯಾ, ಆಫ್ರಿಕಾಗಳಿಗೆ ಜಾಗ ಹೆಚ್ಚಿದೆ ನಿಜ, ಆದರೂ ಯುರೋಪಿನ ಚಿತ್ರದ ಮುಂದೆ ನಿಂತಾಗ ಆ ಇಬ್ಬರಲ್ಲಿ ಕಾಣುವ ಸಲಿಗೆ ನಮ್ಮ ಗುಡಿಯ ಮುಂದೆ ಕಾಣದು. ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಬೆಂಗಳೂರಿನಲ್ಲೇ ಇರುವ ಮ್ಯಾಪ್ ಅಕಾಡೆಮಿ 2022ರಲ್ಲಿ ದಕ್ಷಿಣ ಏಷ್ಯಾದ ಕಲೆಯ ವಿಶ್ವಕೋಶವನ್ನು ಎಲ್ಲರಿಗೂ ಪುಕ್ಕಟೆ ತೆರೆಯಿತು. ಮಾಹಿತಿಗೆ ನಾನು ಮೊದಲು ಹೋಗುವುದು ಅಲ್ಲಿಗೇ. ಆದರೆ ವಿಶ್ವಕೋಶ ಓದುವುದಕ್ಕೆ. ಪಕ್ಕದಲ್ಲಿ ನಿಂತು ತೋರಿಸುವ ಕೆಲಸ ಬೇರೆಯೇ.

ಸ್ಮಾರ್ಟ್‌ಹಿಸ್ಟರಿಯ ಷರತ್ತು ಸರಳ: ಹೆಸರು ಹಾಕಿ, ಮಾರಬೇಡಿ, ನೀವು ಬದಲಿಸಿದ್ದನ್ನೂ ಹೀಗೇ ಹಂಚಿ. ಅಂದರೆ ಅವರ ಮಾತನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಆದರೆ ನನಗೆ ಅನುವಾದಕ್ಕಿಂತ ಆ ಪದ್ಧತಿಯ ಮೇಲೆ ಕಣ್ಣು. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ನಮ್ಮ ಕಾನೂನಿನಲ್ಲಿ ಕಲಾವಿದ ಸತ್ತ ಮೇಲೆ ಹಕ್ಕುಸ್ವಾಮ್ಯ 60 ವರ್ಷ. ಆ ಲೆಕ್ಕದಲ್ಲಿ 2026ರ ಜನವರಿ 1ರಿಂದ ಅವರ ಊಟಿಯ ಜಲವರ್ಣಗಳು ಎಲ್ಲರ ಸೊತ್ತು. ಆ ಚಿತ್ರಗಳ ಮಂಜು ಎಷ್ಟು ತೆಳುವೆಂದರೆ ಕೆಟ್ಟ ಫೋಟೊದಲ್ಲಿ ಬರೀ ಬೂದು ಕಲೆಯಾಗಿಬಿಡುತ್ತದೆ. ಫರ್ಮೀರ್‌ಗೆ ಆದದ್ದೇ ಇವರಿಗೂ ಆದೀತು. ಹಾಗಾಗಿ ಮೊದಲು ಬಣ್ಣ ಕೆಡದಂತೆ ತೆಗೆದ ಒಳ್ಳೆಯ ಫೋಟೊ ಬೇಕು. ಆಮೇಲೆ ಎರಡು ಮೈಕು, ಕನ್ನಡದಲ್ಲಿ ಜಗಳವಾಡಬಲ್ಲ ಇಬ್ಬರು. ಅವರಲ್ಲೊಬ್ಬರಿಗೆ ವೀಣೆ ಗೊತ್ತಿದ್ದರಂತೂ ಇನ್ನೂ ಒಳ್ಳೆಯದು, ವೆಂಕಟಪ್ಪ ವೀಣೆ ಶೇಷಣ್ಣನವರ ಶಿಷ್ಯರು.