ಅಜ್ಜ ಲಾಲ್‌ಬಾಗಿಗೆ ಹೋಗುತ್ತಿದ್ದರು

ಭಾನುವಾರ ಬೆಳಿಗ್ಗೆ ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕೈದು ಮಂದಿ ಪದವಿ ವಿದ್ಯಾರ್ಥಿಗಳು ಸೇರುತ್ತಾರೆ. ಕನ್ನಡದ ಒಂದು ಪುಟವನ್ನು ಇಂಗ್ಲಿಷಿಗೆ ತರುವುದು, ಜಗಳವಾಡಿಕೊಂಡು ತಿದ್ದುವುದು, ಆಮೇಲೆ ಕಾಫಿ. ಕಳೆದ ತಿಂಗಳು ಬಿಟಿಎಂ ಲೇಔಟಿನಿಂದ ಬರುವ ಹುಡುಗಿಯೊಬ್ಬಳು, ತೀರಿಕೊಂಡ ತನ್ನ ಅಜ್ಜನ ಬಗ್ಗೆ ಒಂದು ಪುಟ ಬರೆದು ತಂದಿದ್ದಳು. ಕನ್ನಡ ಓದಲು ಬಾರದ, ವಿದೇಶದಲ್ಲಿ ಬೆಳೆದ ಚಿಕ್ಕಪ್ಪನ ಮಕ್ಕಳಿಗೆ ಅದನ್ನು ಕಳಿಸಬೇಕಿತ್ತು. ಮೊದಲ ಸಾಲು: 'ಅಜ್ಜ ಲಾಲ್‌ಬಾಗಿಗೆ ಹೋಗುತ್ತಿದ್ದರು.' ಅವಳ ಇಂಗ್ಲಿಷು: 'ಗ್ರ್ಯಾಂಡ್‌ಫಾದರ್ ವಾಸ್ ಗೋಯಿಂಗ್ ಟು ಲಾಲ್‌ಬಾಗ್.'

ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಇಂಗ್ಲಿಷ್ ಓದುಗ ಮುಂದಿನ ವಾಕ್ಯಕ್ಕೆ ಕಾಯುತ್ತಾನೆ. ಹೋಗುತ್ತಿದ್ದರು, ಸರಿ, ಆಗ ಏನಾಯಿತು? ಮಳೆ ಬಂತೆ? ಹಳೆಯ ಗೆಳೆಯ ಸಿಕ್ಕಿದನೆ? ಅವಳು ಹೇಳಹೊರಟಿದ್ದು ವರ್ಷಗಟ್ಟಲೆಯ ಅಭ್ಯಾಸವನ್ನು. ಇಂಗ್ಲಿಷಿನಲ್ಲಿ ಅಜ್ಜ ಯಾವುದೋ ಒಂದು ಬೆಳಿಗ್ಗೆ ಸೌತ್ ಎಂಡ್ ಸರ್ಕಲ್ ಹತ್ತಿರ ಅರ್ಧದಾರಿಯಲ್ಲೇ ನಿಂತುಬಿಟ್ಟಿದ್ದರು.

'ಉತ್ತಿದ್ದ' ಅಂದರೆ 'ವಾಸ್' ಜೊತೆಗೆ 'ಇಂಗ್' ಎಂದು ನಾವೆಲ್ಲ ಗೈಡುಗಳಿಂದ ಬಾಯಿಪಾಠ ಮಾಡಿದವರೇ. ಆ ಸೂತ್ರ ಅರ್ಧ ನಿಜ. ಕನ್ನಡದ 'ಹೋಗುತ್ತಿದ್ದರು' ಎರಡು ಕೆಲಸ ಮಾಡುತ್ತದೆ: ಆ ಗಳಿಗೆಯಲ್ಲಿ ನಡೆಯುತ್ತಿದ್ದದ್ದನ್ನೂ ಹೇಳುತ್ತದೆ, ದಿನವೂ ನಡೆಯುತ್ತಿದ್ದದ್ದನ್ನೂ ಹೇಳುತ್ತದೆ. ಯಾವುದು ಎಂದು ಸುತ್ತಲಿನ ಮಾತು ತಿಳಿಸುತ್ತದೆ. ಇಂಗ್ಲಿಷಿನ ಪಾಸ್ಟ್ ಕಂಟಿನ್ಯೂಯಸ್ ಮುಖ್ಯವಾಗಿ ಮೊದಲನೆಯದಕ್ಕೆ ಮೀಸಲು. ಎರಡನೆಯದಕ್ಕೆ 'ಯೂಸ್ಡ್ ಟು' ಇದೆ, 'ವುಡ್' ಇದೆ, ಎಷ್ಟೋ ಸಲ ಸರಳವಾದ 'ವೆಂಟ್' ಸಾಕು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. 'ಬನಶಂಕರಿಗೆ ಬರುವಾಗ ಮಳೆ ಬಂತು' ಎನ್ನುತ್ತೇವೆ. 'ಬರುವಾಗ ಹಾಲು ತಾ' ಎಂದೂ ಎನ್ನುತ್ತೇವೆ. 'ಬರುವಾಗ' ಎಂಬುದಕ್ಕೆ ತನ್ನದೇ ಕಾಲವಿಲ್ಲ. ಕೊನೆಯ ಕ್ರಿಯಾಪದ ಬರುವ ತನಕ ಅದು ಕಾದಿರುತ್ತದೆ. ಇಂಗ್ಲಿಷಿನಲ್ಲಿ 'ವೆನ್ ಐ ವಾಸ್ ಕಮಿಂಗ್' ಎಂದು ಬಾಯಿ ತೆರೆದ ಕೂಡಲೇ ಕಾಲ ನಿಗದಿಯಾಗಬೇಕು. ವಾಕ್ಯ ಮುಗಿಯುವಾಗ ಮಾಡುವ ಆಯ್ಕೆಯನ್ನು ಶುರುವಿನಲ್ಲೇ ಮಾಡಬೇಕಾದ ಕಷ್ಟ ನಮ್ಮ ಹುಡುಗರದು. ಈ ಕಷ್ಟವನ್ನು ಯಾವ ಗೈಡೂ ಹೇಳಿಕೊಡುವುದಿಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. 'ಐ ವಾಸ್ ಹ್ಯಾವಿಂಗ್ ಎ ಸ್ಕೂಟರ್' ಎನ್ನುವವರನ್ನು ನೋಡಿ ಇದು ಕನ್ನಡದ ಪ್ರಭಾವ ಎಂದು ನಗುತ್ತಾರೆ. ಕನ್ನಡದಲ್ಲಿ ನಾವು ಹೇಳುವುದು 'ನನ್ನ ಹತ್ತಿರ ಸ್ಕೂಟರ್ ಇತ್ತು' ಎಂದು. 'ನನಗೆ ಗೊತ್ತಿತ್ತು' ಎಂದು. ಇಲ್ಲಿ 'ಉತ್ತಿ'ಯ ಸುಳಿವೇ ಇಲ್ಲ! ನೇರ ಅನುವಾದ ಮಾಡಿದ್ದರೆ ತಪ್ಪಾಗುತ್ತಲೇ ಇರಲಿಲ್ಲ. ಸೂತ್ರವನ್ನು ಸಿಕ್ಕಲ್ಲೆಲ್ಲ ಅಂಟಿಸುವ ತರಗತಿಯ ಅಭ್ಯಾಸವೇ ಇದಕ್ಕೆ ಹೆಚ್ಚು ಕಾರಣ ಎಂದು ನನ್ನ ಅನುಮಾನ. ನಿಸ್ಸಿಮ್ ಎಜೆಕಿಯಲ್ ಅವರು ಮಿಸ್ ಪುಷ್ಪಾ ಟಿ.ಎಸ್. ಅವರ ಬೀಳ್ಕೊಡುಗೆಯ ಪದ್ಯದಲ್ಲಿ ನಮ್ಮ 'ಇಂಗ್'ಗಳನ್ನೆಲ್ಲ ಪೋಣಿಸಿ ನಗಿಸಿದರು. ಚೆನ್ನಾಗಿದೆ, ತರಗತಿಯಲ್ಲಿ ಓದಿಸಿದಾಗ ನಾನೂ ನಕ್ಕಿದ್ದೇನೆ. ಆದರೆ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿ ನಗುವ ನಗೆ ಅದು. ಮಾತನಾಡುವವನ ತಲೆಯೊಳಗೆ ಏನು ನಡೆದಿದೆ ಎಂಬ ಕುತೂಹಲ ಅದಕ್ಕಿಲ್ಲ.

ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕವನ್ನೇ ಬರೆದರು. ಅವರ ತಕರಾರು ಸಂಸ್ಕೃತದ ಅಚ್ಚಿನ ಬಗ್ಗೆ. ಇಂಗ್ಲಿಷ್ ಟೆನ್ಸುಗಳ ಪಟ್ಟಿಯನ್ನು ಕನ್ನಡದ ಮೇಲೆ ಹಾಸುವುದಕ್ಕೂ ಅದೇ ತಕರಾರು ಸಲ್ಲುತ್ತದೆ.

ಅನುವಾದಕರಿಗೆ ಇದು ದಿನನಿತ್ಯದ ಪಾಡು. ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂತು. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ 2015ರಲ್ಲಿ. ಕಾಫಿ ಹೌಸಿನಲ್ಲಿ ಕೂತವನೊಬ್ಬ ತನ್ನ ಮನೆಯವರ ಹಿಂದಿನ ಬದುಕನ್ನು ನೆನೆಯುವ ಕತೆ ಅದು. ಇಂಥ ಕತೆಯಲ್ಲಿ ಪ್ರತಿ 'ಉತ್ತಿದ್ದ'ದ ಎದುರೂ ಅನುವಾದಕ ನಿಂತು ಕೇಳಿಕೊಳ್ಳಬೇಕು: ಇದು ಆ ಮನೆಯ ರೂಢಿಯೋ, ಒಂದು ದಿನದ ಸಂಗತಿಯೋ? ರೂಢಿಯನ್ನು ಘಟನೆ ಮಾಡಿದರೆ ಸಂಸಾರವೊಂದರ ಸ್ವಭಾವವೇ ಮಾಯವಾಗುತ್ತದೆ.

ಹುಡುಗಿಯ ಪುಟದ ಕೊನೆಯ ಸಾಲು ಹೀಗಿತ್ತು: 'ನಾನು ಹೋದಾಗ ಅಜ್ಜ ರೇಡಿಯೋ ಕೇಳುತ್ತಿದ್ದರು.' ಇಲ್ಲೂ 'ವಾಸ್ ಲಿಸನಿಂಗ್' ಎಂದೇ ಬರೆದಿದ್ದಳು.

"ಯಾವಾಗ ಹೋದಾಗ? ಅವತ್ತೋ, ಹೋದಾಗಲೆಲ್ಲವೋ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎರಡೂ, ಸರ್. ಹೋದಾಗಲೆಲ್ಲ ಕೇಳ್ತಾ ಇದ್ರು. ಆದ್ರೆ ನಾನು ಬರೀವಾಗ ಮನಸ್ಸಲ್ಲಿದ್ದದ್ದು ಕೊನೇ ಸಲ ನೋಡಿದ್ದು."

ಕನ್ನಡದ ಸಾಲು ಎರಡನ್ನೂ ಒಳಗಿಟ್ಟುಕೊಂಡಿತ್ತು. ಇಂಗ್ಲಿಷಿಗೆ ಒಂದನ್ನು ಬಿಡಲೇಬೇಕು. ಮೊದಲ ಸಾಲನ್ನು ಅವಳೇ ತಿದ್ದಿದಳು: 'ಗ್ರ್ಯಾಂಡ್‌ಫಾದರ್ ವೆಂಟ್ ಟು ಲಾಲ್‌ಬಾಗ್ ಎವ್ರಿ ಮಾರ್ನಿಂಗ್.' ಕೊನೆಯದರಲ್ಲಿ 'ದಟ್ ಡೇ' ಎಂದಷ್ಟೇ ಸೇರಿಸಿ 'ವಾಸ್ ಲಿಸನಿಂಗ್' ಅನ್ನು ಹಾಗೇ ಉಳಿಸಿಕೊಂಡಳು. ಹೋದಾಗಲೆಲ್ಲ ಕೇಳುತ್ತಿದ್ದ ರೇಡಿಯೋ ಚಿಕ್ಕಪ್ಪನ ಮಕ್ಕಳಿಗೆ ತಲುಪಲಿಲ್ಲ. ಅದಕ್ಕಾಗಿ ಇನ್ನೊಂದು ವಾಕ್ಯ ಬರೆಯೋಣವೇ ಎಂದು ಕೇಳಿದೆ. ಬೇಡ ಎಂದಳು.